ನಿಮಗಿದು ಗೊತ್ತೆ? ಆನೆಯ ಕೇಳದ ದನಿ
ಕಾಡಿನ ಸದ್ದು ಆಲಿಸುವುದೂ ಒಂದು ವೃತ್ತಿ! ಕಾಲೇಜಿನಲ್ಲಿ ಸಂಗೀತ ಓದಿದ ಅಮೆರಿಕದ ಕೇಟಿ ಪೇಯ್ನ್ ಮೊದಲು ತಿಮಿಂಗಿಲಗಳ ಹಾಡಿನ ಬೆನ್ನು ಹತ್ತಿದವರು. 1984ರಲ್ಲಿ ಪೋರ್ಟ್‌ಲೆಂಡ್ ಮೃಗಾಲಯದ ಆನೆಗಳ ಬಳಿ ಇದ್ದಾಗ ಕಿವಿಗೇನೂ ಕೇಳದಿದ್ದರೂ ಗಾಳಿ ಅದುರಿದಂತೆ ಅವರಿಗನ್ನಿಸಿತು. ಚರ್ಚಿನ ಆರ್ಗನ್ ವಾದ್ಯದ ಪಕ್ಕ ಹಿಂದೆ ಆಗಿದ್ದ ಅನುಭವವೇ ಅದು. ಧ್ವನಿಮುದ್ರಿಸಿ, ಟೇಪನ್ನು ವೇಗವಾಗಿ ಓಡಿಸಿದರೆ ಆನೆಗಳ ಮಾತುಕತೆ! 20 ಹರ್ಟ್ಸ್‌ಗಿಂತ ಕೆಳಗಿನ ಆ ದನಿ ನಮ್ಮ ಕಿವಿಗೆ ನಿಲುಕದು, ಆದರೆ ಕಿಲೋಮೀಟರ್‌ಗಟ್ಟಲೆ ಸಾಗುತ್ತದೆ. 1999ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಅವರು ಆರಂಭಿಸಿದ ಯೋಜನೆ, ಮಧ್ಯ ಆಫ್ರಿಕಾದ ಕಾಡಿನಲ್ಲಿ ಮರಗಳಿಗೆ ರೆಕಾರ್ಡರ್ ಕಟ್ಟಿ, ಆನೆಗಳ ಕರೆಯ ಜೊತೆಗೆ ಕಳ್ಳಬೇಟೆಯ ಗುಂಡಿನ ಸದ್ದನ್ನೂ ಪತ್ತೆಹಚ್ಚುತ್ತದೆ. ಜೀವಶಾಸ್ತ್ರ, ಭೌತಶಾಸ್ತ್ರ, ಕಂಪ್ಯೂಟರ್ ಓದಿದವರಿಗೆಲ್ಲ ಈ ಕ್ಷೇತ್ರದಲ್ಲಿ ಕೆಲಸವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಚಿರ್‌ಗುಟ್ಟುವ ಕೀಟಗಳ ದನಿಯ ಬಗ್ಗೆ ಸಂಶೋಧನೆ ನಡೆದಿದೆ.