ಅಂಗಡಿಯಲ್ಲಿ ಓಡಾಟ ಜಾಸ್ತಿ, ವ್ಯಾಪಾರ ಕಮ್ಮಿ ಯಾಕೆ? ಏಳು ಬಗೆಯ ವ್ಯರ್ಥ ಪತ್ತೆ ಹಚ್ಚೋದು ಹೀಗೆ

ಸಂಜೆ ಆರೂವರೆ. ಕಿರಾಣಿ ಅಂಗಡಿ ಮುಂದೆ ಏಳೆಂಟು ಗಿರಾಕಿಗಳು. ಮಾಲೀಕರು ಚೀಟಿ ಓದಿ ಹೇಳ್ತಾರೆ. ಒಬ್ಬ ಹುಡುಗ ಎಣ್ಣೆ ಪ್ಯಾಕೆಟ್ ತರಲು ಹಿಂದಿನ ಗೋಡೌನ್‌ಗೆ ಓಡ್ತಾನೆ, ಇನ್ನೊಬ್ಬ ತಕ್ಕಡಿ ಖಾಲಿಯಾಗಲಿ ಅಂತ ನಿಂತಿದ್ದಾನೆ. "ಅಣ್ಣಾ, ನಂದು ಎಷ್ಟೊತ್ತು?" ಎಂದು ಕೇಳಿ ಕೇಳಿ ಬೇಸತ್ತ ಗಿರಾಕಿ ಪಕ್ಕದ ಅಂಗಡಿಗೆ ನಡೀತಾರೆ. ಬೈಗುಳ ಬೀಳೋದು ಹುಡುಗನಿಗೆ. ಆದರೆ ತಪ್ಪು ಅವನದ್ದೇನಾ?

ಇಂಥ ನಷ್ಟ ಪತ್ತೆ ಹಚ್ಚುವ ದಾರಿ ತೋರಿಸಿದವರು ಜಪಾನಿನ ಟೊಯೋಟಾ ಕಂಪನಿಯ ಎಂಜಿನಿಯರ್ ಟೈಚಿ ಓನೊ (1912-1990). ನಮ್ಮ ಬಿಡದಿಯಲ್ಲಿ ಕಾರು ತಯಾರಿಸುವ ಟೊಯೋಟಾ ಇದೇ. ಗಿರಾಕಿಗೆ ಉಪಯೋಗವಿಲ್ಲದೆ ಸಮಯ, ದುಡ್ಡು ತಿನ್ನುವ ಕೆಲಸಕ್ಕೆ ಅಲ್ಲಿ 'ಮುದ' ಅಂತಾರೆ. ಕನ್ನಡದಲ್ಲಿ ಮುದ ಎಂದರೆ ಸಂತೋಷ, ಜಪಾನಿ ಭಾಷೆಯಲ್ಲಿ ವ್ಯರ್ಥ!

ವಿಶೇಷ ಅಂದ್ರೆ, ಓನೊ ಅವರೇ ಅಂಗಡಿಯಿಂದ ಪಾಠ ಕಲಿತವರು. ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲಿ ಗಿರಾಕಿ ಒಯ್ದಷ್ಟನ್ನೇ ಮತ್ತೆ ತುಂಬಿಡುವ ಕ್ರಮವನ್ನು ಅವರು ಕಾರ್ಖಾನೆಗೆ ತಂದರು.

ಅವರು ಗುರುತಿಸಿದ ಏಳು ವ್ಯರ್ಥಗಳು, ನಮ್ಮ ಪೇಟೆಯ ಉದಾಹರಣೆಗಳೊಂದಿಗೆ:

1. ಅತಿ ತಯಾರಿಕೆ: 30 ಪ್ಲೇಟ್ ಹೋಗುವ ಹೋಟೆಲ್‌ನಲ್ಲಿ 50 ಪ್ಲೇಟ್ ಇಡ್ಲಿ ಬೇಯಿಸುವುದು.
2. ಕಾಯುವುದು: ಒಂದೇ ತಕ್ಕಡಿಗೆ ಇಬ್ಬರು ನಿಲ್ಲುವುದು.
3. ಸಾಗಣೆ: ಲೋಡ್ ಬಂದ ಮೂಟೆಯನ್ನು ಮೊದಲು ಜಗಲಿಗೆ, ಆಮೇಲೆ ಗೋಡೌನ್‌ಗೆ, ಮತ್ತೆ ಅಂಗಡಿಗೆ ಹೊರುವುದು.
4. ಬೇಡದ ಕೆಲಸ: ಒಂದೇ ಸಾಲದ ಲೆಕ್ಕವನ್ನು ಚೀಟಿ, ಪುಸ್ತಕ, ಮೊಬೈಲ್ ಮೂರರಲ್ಲೂ ಬರೆಯುವುದು.
5. ಅತಿ ದಾಸ್ತಾನು: ಸ್ಕೀಮ್ ಆಸೆಗೆ ತಂದ ಬಿಸ್ಕತ್ತು ಡೇಟ್ ಮುಗಿದು ಕೂರುವುದು.
6. ಓಡಾಟ: ಪದೇ ಪದೇ ಬೇಕಾಗುವ ವಸ್ತು ದೂರದಲ್ಲಿರುವುದು.
7. ತಪ್ಪು: ತೊಗರಿಬೇಳೆ ಬದಲು ಕಡಲೆಬೇಳೆ ಕಟ್ಟಿ, ಮತ್ತೆ ಬದಲಿಸಿಕೊಡುವುದು.

ಇದರಲ್ಲಿ ಮೊದಲನೆಯದೇ ದೊಡ್ಡ ಶತ್ರು, ಉಳಿದವು ಅದರ ಬೆನ್ನಿಗೇ ಬರುತ್ತವೆ ಅನ್ನೋದು ಓನೊ ಅವರ ಮಾತು. ಅಂಗಡಿಯಲ್ಲಿ ಆ ಜಾಗ ಅತಿ ಖರೀದಿಯದ್ದು.

ಐದು ಸಲ 'ಯಾಕೆ' ಕೇಳಿ

ಟೊಯೋಟಾದಲ್ಲಿ ಸಮಸ್ಯೆ ಬಂದರೆ ಐದು ಸಲ 'ಯಾಕೆ' ಎಂದು ಕೇಳುವ ಪದ್ಧತಿ ಇದೆ. ಗಿರಾಕಿ ಯಾಕೆ ಹೋದ್ರು? ಸಾಮಾನು ತಡವಾಯ್ತು. ಯಾಕೆ? ಹುಡುಗ ಗೋಡೌನ್‌ಗೆ ಹೋಗಿದ್ದ. ಯಾಕೆ? ಎಣ್ಣೆ ಅಲ್ಲಿತ್ತು. ಯಾಕೆ? ಮುಂದಿನ ರ‍್ಯಾಕ್ ತುಂಬಾ ಬಿಸ್ಕತ್ತು ಬಾಕ್ಸ್. ಯಾಕೆ? ಸ್ಕೀಮ್ ಇದೆ ಅಂತ ಮಾಲೀಕರು ಹತ್ತು ಬಾಕ್ಸ್ ಜಾಸ್ತಿ ತರಿಸಿದ್ದರು!

ಹೋಗಿಬರಲು 40 ಹೆಜ್ಜೆ, ದಿನಕ್ಕೆ 60 ಸಲ ಅಂದ್ರೆ 2,400 ಹೆಜ್ಜೆ. ಹೆಜ್ಜೆಗೆ ಎರಡು ಅಡಿ ಹಿಡಿದರೂ ಸುಮಾರು ಒಂದೂವರೆ ಕಿಲೋಮೀಟರ್. ಸಂಬಳ ಕೊಟ್ಟು ನಡೆಸಿದ ನಡಿಗೆ ಇದು.

ಶುರು ಮಾಡೋದು ಹೇಗೆ?

ಗಲ್ಲಾ ಬಿಟ್ಟು ಒಂದು ಗಂಟೆ ಮೂಲೆಯಲ್ಲಿ ನಿಂತು ಸುಮ್ಮನೆ ನೋಡಿ. "ನಿಂಗೆ ಎಲ್ಲಿ ತೊಂದರೆ ಆಗ್ತಿದೆ?" ಎಂದು ಹುಡುಗರನ್ನೇ ಕೇಳಿ. ಹೆಚ್ಚು ಹೋಗುವ ಹತ್ತು ಸಾಮಾನು ಕೈಗೆಟುಕುವಂತಿಡಿ. ವಾರಕ್ಕೆ ಒಂದೇ ಬದಲಾವಣೆ ಮಾಡಿ, ಫಲ ನೋಡಿ.

ಆದರೆ ಒಂದು ಎಚ್ಚರಿಕೆ. ಕೆಲಸ ಹಗುರಾಯ್ತು ಅಂತ ಒಬ್ಬನನ್ನು ಮನೆಗೆ ಕಳಿಸಿದರೆ, ಉಳಿದವರು ಇನ್ನೆಂದೂ ಬಾಯಿ ಬಿಡೋದಿಲ್ಲ. ಎಲ್ಲಿ ನಷ್ಟ ಆಗ್ತಿದೆ ಅನ್ನೋದು ಗಲ್ಲಾದಲ್ಲಿ ಕೂತವರಿಗಿಂತ ಓಡಾಡುವವರಿಗೇ ಮೊದಲು ಗೊತ್ತಿರುತ್ತೆ. ಉಳಿದ ಸಮಯದಲ್ಲಿ ಆ ಹುಡುಗ ಕೌಂಟರ್‌ನಲ್ಲಿ ನಿಂತರೆ, ಪಕ್ಕದ ಅಂಗಡಿಗೆ ಹೋಗೋ ಗಿರಾಕಿ ಇಲ್ಲೇ ನಿಲ್ತಾರೆ.