ಸತ್ತ ಬ್ಯಾಟರಿ, ಬದುಕಿದ ಉಪಗ್ರಹ

2002ರ ಜೂನ್ 21ರಂದು ಇಂಗ್ಲೆಂಡಿನ ಹ್ಯಾಮ್ ರೇಡಿಯೊ ಹವ್ಯಾಸಿ ಪ್ಯಾಟ್ ಗೋವೆನ್ ಅವರ ರಿಸೀವರಿನಲ್ಲಿ, 145.97 ಮೆಗಾಹರ್ಟ್ಝ್ ಆಸುಪಾಸಿನಲ್ಲಿ, ನಿಧಾನಗತಿಯ ಮೋರ್ಸ್ ಸಂಕೇತವೊಂದು ಕೇಳಿಸಿತು. ಅದು ಎಲ್ಲಿಂದ ಬಂತೆಂದು ಹುಡುಕಿದಾಗ ಸಿಕ್ಕ ಹೆಸರು ಆಸ್ಕರ್-7. 1974ರ ನವೆಂಬರ್ 15ರಂದು ಹವ್ಯಾಸಿಗಳಿಗಾಗಿಯೇ ಕಕ್ಷೆ ಸೇರಿದ್ದ ಈ ಉಪಗ್ರಹ 1981ರಲ್ಲಿ ಬ್ಯಾಟರಿ ಕೆಟ್ಟು ಮೌನವಾಗಿತ್ತು. ಅದರ ಕಥೆ ಮುಗಿಯಿತೆಂದೇ ಎಲ್ಲರೂ ಕೈಬಿಟ್ಟಿದ್ದರು. 21 ವರ್ಷಗಳ ಬಳಿಕ ಅದು ತಾನಾಗಿ ಮಾತಾಡತೊಡಗಿತ್ತು.

ನಮ್ಮ ಆರ್ಯಭಟ ಉಪಗ್ರಹ ಹಾರಿದ್ದು 1975ರ ಏಪ್ರಿಲ್ 19ರಂದು. ಅಂದರೆ ಆಸ್ಕರ್-7 ಅದಕ್ಕಿಂತ ಐದು ತಿಂಗಳು ಹಿರಿಯದು. ಆರ್ಯಭಟ 1992ರಲ್ಲಿ ವಾತಾವರಣಕ್ಕಿಳಿದು ಉರಿದುಹೋಯಿತು. ಸುಮಾರು 1,450 ಕಿಲೊಮೀಟರ್ ಎತ್ತರದಲ್ಲಿರುವ ಆಸ್ಕರ್-7ಕ್ಕೆ ಆ ಭಯವಿಲ್ಲ. 115 ನಿಮಿಷಕ್ಕೊಂದು ಸುತ್ತಿನಂತೆ ಈವರೆಗೆ ಎರಡು ಲಕ್ಷಕ್ಕೂ ಹೆಚ್ಚು ಸಲ ಭೂಮಿಯನ್ನು ಸುತ್ತಿದೆ. 2024ರಲ್ಲಿ ಐವತ್ತು ತುಂಬಿದಾಗಲೂ ಹವ್ಯಾಸಿಗಳು ಅದರ ಮೂಲಕ ಮಾತಾಡುತ್ತಿದ್ದರು. ಸಾಂಗ್ಲಿ, ಮಿರಜದ ಆಕಾಶದಲ್ಲಿ ಅದು ದಿನಕ್ಕೆ ಹಲವು ಸಲ ಹಾದುಹೋಗುತ್ತದೆ. ಒಂದೊಂದು ಹಾಯುವಿಕೆ 20 ನಿಮಿಷ ಮೀರುವುದೂ ಉಂಟು.

ಸತ್ತದ್ದು ಎದ್ದುಬಂದದ್ದು ಹೇಗೆ? ಆಸ್ಕರ್-7ರಲ್ಲಿ ಸೌರಫಲಕಗಳು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ತುಂಬುತ್ತಿದ್ದವು; ಬಿಸಿಲಿಲ್ಲದಾಗ ರೇಡಿಯೊ ನಡೆಯುತ್ತಿದ್ದುದು ಆ ಬ್ಯಾಟರಿಯ ಬಲದಿಂದ. ವರ್ಷಗಳುರುಳಿದಂತೆ ಬ್ಯಾಟರಿಯ ಕೋಶಗಳು ಒಳಗೊಳಗೇ ಶಾರ್ಟ್ ಆದವು. ಫಲಕಗಳು ಹುಟ್ಟಿಸುವ ವಿದ್ಯುತ್ತೆಲ್ಲ ಆ ದಾರಿಯಲ್ಲೇ ಹರಿದುಹೋಗಿ ರೇಡಿಯೊಗೆ ವೋಲ್ಟೇಜ್ ಸಿಗದಾಯಿತು. ಮುಂದೆ ಯಾವಾಗಲೋ ಅದೇ ಬ್ಯಾಟರಿಯಲ್ಲಿ ಇನ್ನೊಂದು ಕೆಡುಕಾಯಿತು. ಶಾರ್ಟ್ ಆಗಿದ್ದ ಜಾಗ ಕಡಿದುಹೋಗಿ ಸರ್ಕಿಟ್ ತೆರೆದುಕೊಂಡಿತು. ವಿದ್ಯುತ್ ಸೋರುವ ದಾರಿ ಮುಚ್ಚಿತು; ಫಲಕಗಳ ವಿದ್ಯುತ್ ನೇರವಾಗಿ ರೇಡಿಯೊಗೆ ಹರಿಯಿತು. ಮೊದಲ ಕೆಡುಕು ಕೊಂದದ್ದನ್ನು ಎರಡನೆಯ ಕೆಡುಕು ಬದುಕಿಸಿತು.

ಅಂದಿನಿಂದ ಆಸ್ಕರ್-7ರ ಬದುಕು ಪೂರ್ತಿ ಬಿಸಿಲಿನದು. ಭೂಮಿಯ ನೆರಳಿಗೆ ಹೋದರೆ ಆರಿಹೋಗುತ್ತದೆ, ನೆರಳಿನಿಂದ ಹೊರಬಂದಾಗ ಹೊಸದಾಗಿ ಶುರುವಾಗುತ್ತದೆ. ಎದ್ದಾಗ ತನ್ನ ಎರಡು ಪ್ರಸಾರ ವಿಧಾನಗಳಲ್ಲಿ ಯಾವುದನ್ನು ಹಿಡಿಯುತ್ತದೆಂದು ಹೇಳಲಾಗದು. ನೆರಳೇ ಇಲ್ಲದ ತಿಂಗಳುಗಳಲ್ಲಿ ಒಳಗಿನ ಟೈಮರ್ 24 ಗಂಟೆಗೊಮ್ಮೆ ವಿಧಾನ ಬದಲಿಸುತ್ತದೆ. ಆಸರೆಗೆ ಬ್ಯಾಟರಿ ಇಲ್ಲವಾದ್ದರಿಂದ ಯಾರಾದರೂ ಹೆಚ್ಚು ಶಕ್ತಿಯಲ್ಲಿ ಕೂಗಿದರೆ ವೋಲ್ಟೇಜ್ ಕುಸಿದು ಎಲ್ಲರ ಮಾತೂ ಕೆಡುತ್ತದೆ. ಅದಕ್ಕಾಗಿ ಹವ್ಯಾಸಿಗಳು ಅತಿ ಕಡಿಮೆ ವಾಟ್‌ನಲ್ಲಿ ಮಾತಾಡುವ ಶಿಸ್ತನ್ನು ತಾವೇ ರೂಢಿಸಿಕೊಂಡಿದ್ದಾರೆ.

ಕಣ್ಣಿಗೆ ಕಾಣದ ಇದನ್ನು ಹಿಂಬಾಲಿಸುವುದು ಸ್ವರದ ಏರಿಳಿತದಿಂದ. ಉಪಗ್ರಹ ಸೆಕೆಂಡಿಗೆ ಸುಮಾರು 7 ಕಿಲೊಮೀಟರ್ ವೇಗದಲ್ಲಿ ಓಡುತ್ತದೆ. ನಮ್ಮತ್ತ ಬರುವಾಗ ಅದರ ರೇಡಿಯೊ ಅಲೆಗಳು ಒತ್ತೊತ್ತಾಗಿ ತಲುಪುತ್ತವೆ, ದೂರ ಸರಿಯುವಾಗ ಹಿಗ್ಗಿ ತಲುಪುತ್ತವೆ. ಇದು ಡಾಪ್ಲರ್ ಪರಿಣಾಮ. ಮಿರಜದ ದಿಗಂತದಲ್ಲಿ ಆಸ್ಕರ್-7 ಮೂಡುವಾಗ ಅದರ 145.97 ಮೆಗಾಹರ್ಟ್ಝ್ ಸಂಕೇತ ಸುಮಾರು 2.8 ಕಿಲೊಹರ್ಟ್ಝ್ ಮೇಲೆ ಕೇಳಿಸುತ್ತದೆ. ಮುಳುಗುವಾಗ ಅಷ್ಟೇ ಕೆಳಗೆ. ರಿಸೀವರಿನ ಡಯಲನ್ನು ಮುಟ್ಟದೆ ಬಿಟ್ಟರೆ, ಮಿರಜದ ತಂಬೂರಿ ಕುಶಲಕರ್ಮಿ ಬಿರಡೆ ಸಡಿಲಿಸಿದಾಗ ತಂತಿಯ ನಾದ ಜಾರುವಂತೆ ಆ ಸ್ವರ ಕಿವಿಗೇ ತಿಳಿಯುವಷ್ಟು ಇಳಿಯುತ್ತ ಹೋಗುತ್ತದೆ.

ಈ ಇಳಿತವನ್ನು ಸಮಯದೊಂದಿಗೆ ಗ್ರಾಫ್ ಕಾಗದದ ಮೇಲೆ ಗುರುತಿಸಿದರೆ ಇಂಗ್ಲಿಷಿನ ಎಸ್ ಅಕ್ಷರವನ್ನು ಹಿಗ್ಗಿಸಿದಂಥ ಗೆರೆ ಮೂಡುತ್ತದೆ. ಅದರ ಒಂದೊಂದು ಭಾಗವೂ ಒಂದೊಂದು ಸಂಗತಿ ಹೇಳುತ್ತದೆ. ಸಂಕೇತ ತನ್ನ ನಿಜವಾದ ಆವರ್ತನದಲ್ಲಿ ಕೇಳಿಸಿದ ಕ್ಷಣವೇ ಉಪಗ್ರಹ ನಮಗೆ ಅತಿ ಹತ್ತಿರ ಬಂದ ಕ್ಷಣ. ಗೆರೆಯ ಎರಡು ತುದಿಗಳ ನಡುವಿನ ಅಂತರದಿಂದ ವೇಗ ತಿಳಿಯುತ್ತದೆ. ನಡುವಿನ ಇಳಿಜಾರಿನಿಂದ ದೂರ ತಿಳಿಯುತ್ತದೆ: ನೆತ್ತಿಯ ಮೇಲೆ ಹಾದರೆ ಆವರ್ತನ ನಿಮಿಷಕ್ಕೆ ಸುಮಾರು 800 ಹರ್ಟ್ಝ್ ಕುಸಿಯುತ್ತದೆ, ದಿಗಂತದ ಅಂಚಿನಲ್ಲಿ ಹಾದರೆ ಇಳಿಜಾರು ಸೌಮ್ಯವಾಗುತ್ತದೆ. ಇಂಥ ಕೆಲವು ಗೆರೆಗಳಿದ್ದರೆ ಕಕ್ಷೆಯನ್ನೇ ಲೆಕ್ಕ ಹಾಕಬಹುದು. 1957ರಲ್ಲಿ ಸ್ಪುಟ್ನಿಕ್ ಹಾರಿದಾಗ ಅಮೆರಿಕದ ಗೈಯರ್ ಮತ್ತು ವೈಫೆನ್‌ಬಾಖ್ ಎಂಬ ಯುವ ಭೌತವಿಜ್ಞಾನಿಗಳು ಮಾಡಿದ್ದು ಇದನ್ನೇ. ಉಪಗ್ರಹ ಎಲ್ಲಿದೆಯೆಂದು ಗೊತ್ತಿದ್ದರೆ ಕೇಳುವವನು ಎಲ್ಲಿದ್ದಾನೆಂಬುದೂ ತಿಳಿಯಬೇಕಲ್ಲ ಎಂದು ಅದೇ ಲೆಕ್ಕವನ್ನು ತಿರುಗಿಸಿದಾಗ ಹುಟ್ಟಿದ್ದು ಟ್ರಾನ್ಸಿಟ್, ಜಿಪಿಎಸ್‌ಗಿಂತ ಮುಂಚಿನ ಉಪಗ್ರಹ ಪಥದರ್ಶಕ ವ್ಯವಸ್ಥೆ.

ಅಪರಿಚಿತ ಸಂಕೇತವೊಂದು ಯಾರದೆಂದು ಪತ್ತೆಹಚ್ಚುವುದೂ ಈ ಗೆರೆಯಿಂದಲೇ. 2018ರ ಜನವರಿ 20ರಂದು ಕೆನಡಾದ ಹವ್ಯಾಸಿ ಸ್ಕಾಟ್ ಟಿಲಿ, ಅಮೆರಿಕದ ಒಂದು ರಹಸ್ಯ ಉಪಗ್ರಹವನ್ನು ಅರಸುತ್ತಿದ್ದಾಗ ಬೇರೊಂದು ಸಂಕೇತ ಹಿಡಿದರು. ಡಾಪ್ಲರ್ ಗೆರೆ ನಾಸಾದ ಇಮೇಜ್ ಉಪಗ್ರಹದ ಕಕ್ಷೆಗೆ ತಾಳೆಯಾಯಿತು. 2000ದಲ್ಲಿ ಭೂಕಾಂತಗೋಲದ ಅಧ್ಯಯನಕ್ಕೆ ಹೋಗಿದ್ದ ಅದು 2005ರ ಡಿಸೆಂಬರಿನಿಂದ ಮೌನವಾಗಿತ್ತು. ಕೆಲವೇ ದಿನಗಳಲ್ಲಿ ನಾಸಾ ಇದನ್ನು ದೃಢಪಡಿಸಿತು.

ಹಳೆಯ ಉಪಗ್ರಹಗಳಿಗೆ ಕಿವಿಗೊಡುವ ಹವ್ಯಾಸದ ಬೆಲೆ ಇಲ್ಲಿದೆ. ರೇಡಾರ್ ಒಂದು ವಸ್ತು ಎಲ್ಲಿದೆಯೆಂದು ಹೇಳುತ್ತದೆ; ಅದರ ಪಾಲಿಗೆ ಸತ್ತ ಉಪಗ್ರಹವೂ ಬದುಕಿರುವುದೂ ಒಂದೇ ಬಗೆಯ ಲೋಹದ ತುಂಡು. ಅದರೊಳಗೆ ವಿದ್ಯುತ್ ಹರಿಯುತ್ತಿದೆಯೇ ಎಂದು ತಿಳಿಯಬೇಕಾದರೆ ಯಾರಾದರೂ ಕೇಳಿಸಿಕೊಳ್ಳಲೇಬೇಕು. ಯೋಜನೆ ಮುಗಿದು ಹಣ ನಿಂತ ಮೇಲೆ ಸಂಸ್ಥೆಗಳು ಸಹಜವಾಗಿ ಬೇರೆ ಕೆಲಸಕ್ಕೆ ತಿರುಗುತ್ತವೆ. ಆಮೇಲೂ ಕೇಳುತ್ತ ಉಳಿಯುವವರು ಹವ್ಯಾಸಿಗಳು.

ಈ ಬಳಗಕ್ಕೆ ಬೆಂಗಳೂರು ಕೊಟ್ಟ ಕಾಣಿಕೆ ಹ್ಯಾಮ್‌ಸ್ಯಾಟ್. ಇಸ್ರೊ ಉಪಗ್ರಹ ಕೇಂದ್ರ ರೂಪಿಸಿದ 42.5 ಕಿಲೊ ತೂಕದ ಈ ಉಪಗ್ರಹವನ್ನು 2005ರ ಮೇ 5ರಂದು ಶ್ರೀಹರಿಕೋಟದ ಎರಡನೇ ಉಡಾವಣಾ ವೇದಿಕೆಯಿಂದ ಪಿಎಸ್‌ಎಲ್‌ವಿ-ಸಿ6 ಕಾರ್ಟೊಸ್ಯಾಟ್-1ರ ಜೊತೆ ಹೊತ್ತೊಯ್ದಿತು. ಅದರಲ್ಲಿದ್ದ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದು ಭಾರತದ್ದು, ಇನ್ನೊಂದು ನೆದರ್ಲೆಂಡ್ಸ್‌ನ ಎಂಜಿನಿಯರಿಂಗ್ ವಿದ್ಯಾರ್ಥಿ, ಹ್ಯಾಮ್ ಹವ್ಯಾಸಿ ವಿಲಿಯಂ ಲೈಯೆನಾರ್ ಮಾಡಿಕೊಟ್ಟದ್ದು. 435 ಮೆಗಾಹರ್ಟ್ಝ್‌ನಲ್ಲಿ ಮೇಲೇರಿದ ಮಾತು 145 ಮೆಗಾಹರ್ಟ್ಝ್‌ನಲ್ಲಿ ಕೆಳಗಿಳಿಯುತ್ತಿತ್ತು. ಕಕ್ಷೆಯ ಎತ್ತರ 600 ಕಿಲೊಮೀಟರ್ ದಾಟಿದ್ದರಿಂದ, ಮಿರಜದ ಮನೆಯೊಂದರಿಂದ ಮಸ್ಕತ್ ಅಥವಾ ಢಾಕಾದ ಹವ್ಯಾಸಿಯೊಂದಿಗೆ ನೇರವಾಗಿ ಮಾತಾಡುವುದು ಇದರಿಂದ ಸಾಧ್ಯವಿತ್ತು. ಎರಡು ವರ್ಷಕ್ಕೆಂದು ಹಾರಿಸಿದ್ದು ಒಂಬತ್ತು ವರ್ಷ ದುಡಿಯಿತು. 2014ರ ಜುಲೈಯಲ್ಲಿ ಅದರ ಲಿಥಿಯಂ-ಅಯಾನ್ ಬ್ಯಾಟರಿ ಸೋತಾಗ ಇಸ್ರೊ ಅದರ ಸೇವೆಗೆ ಮಂಗಳ ಹಾಡಿತು.

ಇದಕ್ಕೆಲ್ಲ ಬೇಕಾದ ಸಾಮಗ್ರಿ ಇಂದು ವಿದ್ಯಾರ್ಥಿಯ ಕೈಗೆಟುಕುವಂಥದು. ಡಿಜಿಟಲ್ ಟಿವಿ ನೋಡಲೆಂದು ತಯಾರಾದ ಯುಎಸ್‌ಬಿ ಡಾಂಗಲ್ ಒಂದನ್ನು ಹಲವು ಬಗೆಯ ರೇಡಿಯೊ ರಿಸೀವರ್ ಆಗಿಯೂ ಬಳಸಬಹುದೆಂದು 2012ರ ಹೊತ್ತಿಗೆ ಉತ್ಸಾಹಿಗಳು ಕಂಡುಕೊಂಡರು. 145 ಮೆಗಾಹರ್ಟ್ಝ್‌ಗೆ ಆಂಟೆನಾ ಅಂದರೆ ತಲಾ ಅರ್ಧ ಮೀಟರಿನ ಎರಡು ಸರಳುಗಳು. ಉಪಗ್ರಹ ಯಾವಾಗ ಮೂಡುತ್ತದೆ ಎಂಬುದನ್ನು ಜಿಪ್ರೆಡಿಕ್ಟ್‌ನಂಥ ಉಚಿತ ತಂತ್ರಾಂಶ ಹೇಳುತ್ತದೆ. ಉಪಗ್ರಹಗಳ ಕಕ್ಷೆಯನ್ನು ಎರಡೆರಡು ಸಾಲಿನ ಅಂಕಿಗಳಲ್ಲಿ ಅಡಕಮಾಡಿ ಪ್ರಕಟಿಸುತ್ತಾರೆ. ಆ ಪಟ್ಟಿಯಲ್ಲಿ ಆಸ್ಕರ್-7ರ ಕ್ರಮಸಂಖ್ಯೆ 7530. ಕೃಷ್ಣಾ ಬಯಲಿನ ತೆರೆದ ದಿಗಂತ, ಮಿರಜದ ಸಮೀಪದ ದಂಡೋಬಾ ಗುಡ್ಡ ಎರಡೂ ಈ ಕೆಲಸಕ್ಕೆ ಒಳ್ಳೆಯ ತಾಣಗಳು. ಪ್ರಸಾರ ಮಾಡಲು ಸರ್ಕಾರದ ಪರೀಕ್ಷೆ ಪಾಸಾಗಿ, ವಿಯು ಅಕ್ಷರಗಳಿಂದ ಶುರುವಾಗುವ ಕರೆಸಂಕೇತ ಪಡೆಯಬೇಕು. ಲೈಸೆನ್ಸ್ ಇರುವ ಹ್ಯಾಮ್ ಒಬ್ಬರ ಮಾರ್ಗದರ್ಶನದಲ್ಲಿ ಕಲಿಕೆ ಆರಂಭಿಸುವುದು ಸರಿಯಾದ ದಾರಿ.

ಇಷ್ಟು ಅನುಕೂಲವಿಲ್ಲದ 1960ರ ದಶಕದಲ್ಲೇ ಇಂಗ್ಲೆಂಡಿನ ಕೆಟರಿಂಗ್ ಎಂಬ ಊರಿನ ಶಾಲೆಯೊಂದರಲ್ಲಿ ಜೆಫ್ರಿ ಪೆರಿ ಎಂಬ ಭೌತವಿಜ್ಞಾನದ ಮೇಷ್ಟ್ರು ಮಕ್ಕಳ ಜೊತೆ ಸೋವಿಯತ್ ಉಪಗ್ರಹಗಳಿಗೆ ಕಿವಿಗೊಟ್ಟಿದ್ದರು. ಸಂಕೇತಗಳ ಸಮಯವನ್ನು ತಪ್ಪದೆ ಬರೆದಿಡುತ್ತಿದ್ದ ಆ ಗುಂಪು 1966ರಲ್ಲಿ, ಸೋವಿಯತ್ ಒಕ್ಕೂಟ ಒಪ್ಪಿಕೊಂಡಿರದ ಪ್ಲೆಸೆಟ್ಸ್ಕ್ ಎಂಬ ಹೊಸ ಉಡಾವಣಾ ನೆಲೆಯನ್ನು ಲೆಕ್ಕದಿಂದಲೇ ಗುರುತಿಸಿತು. ಅವರ ಬಳಿ ಇದ್ದದ್ದು ಹಳೆಯ ರಿಸೀವರ್, ಗಡಿಯಾರ, ನೋಟ್‌ಬುಕ್ ಮತ್ತು ದಿನವೂ ಕೇಳುವ ಶ್ರದ್ಧೆ.

ಸಾಂಗ್ಲಿಯ ವಾಲ್‌ಚಂದ್ ಎಂಜಿನಿಯರಿಂಗ್ ಕಾಲೇಜು, ವಿಲಿಂಗ್ಡನ್ ಕಾಲೇಜುಗಳ ವಿದ್ಯಾರ್ಥಿಗಳು ಇದಕ್ಕೆ ಕೈಹಾಕಬೇಕು. ಜತ್ತ ತಾಲ್ಲೂಕಿನ ಕನ್ನಡ ಶಾಲೆಗಳ ಮಕ್ಕಳೂ ಮಾಡಬಲ್ಲರು. ಪುಸ್ತಕದಲ್ಲಿ ಎರಡು ಸಾಲಿಗೆ ಮುಗಿದುಹೋಗುವ ಡಾಪ್ಲರ್ ಪರಿಣಾಮವನ್ನು ಅವರು ಕಿವಿಯಿಂದ ಕೇಳಿ, ಕಾಗದದ ಮೇಲೆ ಎಳೆದು, ಉಪಗ್ರಹದ ವೇಗವನ್ನು ತಾವೇ ಕಂಡುಹಿಡಿಯುತ್ತಾರೆ. ಒಂದು ವರ್ಷ ತಪ್ಪದೆ ದಿನಾಂಕ, ಸಮಯ, ಆವರ್ತನ ಬರೆದಿಟ್ಟರೆ ಆಸ್ಕರ್-7 ಯಾವ ತಿಂಗಳು ನೆರಳಿಗೆ ಬೀಳುತ್ತದೆ, ಯಾವ ತಿಂಗಳು ನಿರಂತರ ಎಚ್ಚರವಾಗಿರುತ್ತದೆ ಎಂಬುದು ಅವರ ಪಟ್ಟಿಯಿಂದಲೇ ಹೊರಡುತ್ತದೆ. ಆ ಪಟ್ಟಿ ಜಗತ್ತಿನ ಹವ್ಯಾಸಿಗಳಿಗೂ ಬೇಕಾದದ್ದು, ಏಕೆಂದರೆ ಹಳೆಯ ಉಪಗ್ರಹ ಬದುಕಿದೆ ಎಂಬುದಕ್ಕೆ ಅಂಥ ಪಟ್ಟಿಗಳೇ ಪುರಾವೆ.