ದಿಲಾರಾಮಳ ಮನ್ಸೂಬಾ: ಚದುರಂಗ ಸಮಸ್ಯೆಯ ಕಥೆ ಮತ್ತು ಕಟ್ಟು

ಚದುರಂಗದ ಆಟದಲ್ಲಿ ಒಂದು ಸ್ಥಿತಿಯು ಇಬ್ಬರು ಆಟಗಾರರ ನಡೆಗಳಿಂದ ಒದಗಿಬರುತ್ತದೆ. ಚದುರಂಗ ಸಮಸ್ಯೆಯಲ್ಲಾದರೋ ಆ ಸ್ಥಿತಿಯನ್ನು ರಚನಕಾರನೊಬ್ಬನೇ ಕಟ್ಟಿರುತ್ತಾನೆ. ಈ ದೃಷ್ಟಿಯಿಂದ ಅದು ಆಟಕ್ಕಿಂತ ಒಗಟಿಗೆ ಹೆಚ್ಚು ಸಮೀಪವಾದುದು. ಒಗಟಿನ ಉತ್ತರ ಅದರ ಮಾತುಗಳಲ್ಲಿಯೇ ಅಡಗಿರುವಂತೆ, ಸಮಸ್ಯೆಯ ಪರಿಹಾರವೂ ಮಣೆಯ ಮೇಲೆ ಕಣ್ಣೆದುರಿಗೇ ಇರುತ್ತದೆ. ಆದರೆ ರೂಢಿಯ ಆಲೋಚನೆಗೆ ಅದು ಗೋಚರಿಸುವುದಿಲ್ಲ.

ಅರಬ್ಬೀ ಚದುರಂಗ ಪರಂಪರೆ ಇಂತಹ ರಚನೆಗಳನ್ನು 'ಮನ್ಸೂಬಾ' ಎಂದು ಕರೆಯಿತು. ಜೋಡಿಸಿಟ್ಟದ್ದು ಎಂಬುದು ಅದರ ಅರ್ಥ. 9ನೆಯ ಶತಮಾನದ ಅಲ್-ಅದ್ಲಿ, 10ನೆಯ ಶತಮಾನದ ಅಸ್-ಸೂಲಿ ಈ ಪರಂಪರೆಯ ಪ್ರಸಿದ್ಧ ಹೆಸರುಗಳು. ಜನಪದ ಅಧ್ಯಯನದ ದೃಷ್ಟಿಯಿಂದ ಹೆಚ್ಚು ಮಹತ್ವದ್ದು ದಿಲಾರಾಮಳ ಮನ್ಸೂಬಾ. ಪಣವಿಟ್ಟು ಆಡುತ್ತಿದ್ದವನು ಎಲ್ಲವನ್ನೂ ಸೋತು ಕೊನೆಗೆ ತನ್ನ ಪತ್ನಿ ದಿಲಾರಾಮಳನ್ನೇ ಒಡ್ಡುತ್ತಾನೆ. ಆ ಆಟದಲ್ಲಿಯೂ ಸೋಲು ಸನ್ನಿಹಿತವಾದಾಗ, ಎರಡು ರಥಗಳನ್ನು ಬಲಿಕೊಟ್ಟು ತನ್ನನ್ನು ಉಳಿಸಿಕೊಳ್ಳುವಂತೆ ಆಕೆಯೇ ಸೂಚಿಸುತ್ತಾಳೆಂಬುದು ಕಥೆ.

ಇದರ ಕಟ್ಟನ್ನು ಗಮನಿಸಬೇಕು. ಅಂದಿನ 'ಫೀಲ್', ಎಂದರೆ ಆನೆ, ಇಂದಿನ ಒಂಟೆಯ ಸ್ಥಾನದಲ್ಲಿದ್ದ ಕಾಯಿ. ಅದು ಕರ್ಣರೇಖೆಯಲ್ಲಿ ನಡುವಣ ಮನೆಯನ್ನು ಹಾರಿ ಸರಿಯಾಗಿ ಎರಡನೆಯ ಮನೆಗೆ ಮಾತ್ರ ಹೋಗಬಲ್ಲದು. ಮೊದಲ ನಡೆಯಲ್ಲಿ ಒಂದು ರಥ ಮೂಲೆಗೆ ನುಗ್ಗಿ ಷಾ ಕೊಡುತ್ತದೆ. ರಾಜ ಅದನ್ನು ಕಡಿಯುತ್ತಾನೆ. ಆಗ ಫೀಲ್ ತನ್ನ ಪಕ್ಕದ ಕುದುರೆಯನ್ನು ಹಾರಿ ಸರಿಯುತ್ತದೆ. ಅದರ ಹಿಂದಿದ್ದ ಎರಡನೆಯ ರಥದಿಂದ ಷಾ ಬೀಳುತ್ತದೆ. ರಾಜ ಪಕ್ಕಕ್ಕೆ ಸರಿದಾಗ ಈ ರಥವೂ ಅದೇ ಮೂಲೆಯಲ್ಲಿ ಬಲಿಯಾಗುತ್ತದೆ. ಬಳಿಕ ಕಾಲಾಳು ಮುನ್ನಡೆದು ಷಾ ಕೊಡುತ್ತದೆ, ಐದನೆಯ ನಡೆಯಲ್ಲಿ ಕುದುರೆ ಮಾತು ಮಾಡುತ್ತದೆ. ಎದುರಾಳಿ ನಡುವೆ ತನ್ನ ರಥವನ್ನು ಅಡ್ಡವಿಟ್ಟರೆ ಒಂದು ನಡೆ ಹೆಚ್ಚಾಗುತ್ತದೆ, ಅಷ್ಟೆ.

ಇಲ್ಲಿನ ಕಲೆ ಬಲಿಯಲ್ಲಿ ಮಾತ್ರವಿಲ್ಲ. ದಾರಿ ಬಿಟ್ಟುಕೊಡಲು ಮಾತ್ರ ಸರಿದಂತೆ ಕಾಣುವ ಫೀಲ್, ಹೋಗಿ ನಿಂತ ಮನೆಯಿಂದಲೇ ರಾಜ ತಪ್ಪಿಸಿಕೊಳ್ಳಬಹುದಾದ ಮನೆಯೊಂದನ್ನು ಕೊನೆಯಲ್ಲಿ ಕಾಯುತ್ತದೆ. ಬಲಿಷ್ಠ ಕಾಯಿಗಳು ಅಳಿದ ಮೇಲೆ ಅಲ್ಪಬಲದ ಕಾಯಿಗಳೇ ಗೆಲುವನ್ನು ಸಾಧಿಸುತ್ತವೆ. ಕಥೆಯ ಆಶಯವೂ ಇದೇ: ಪಣದ ವಸ್ತುವಾಗಿ ಎಣಿಸಲ್ಪಟ್ಟವಳೇ ಪರಿಹಾರವನ್ನು ಕಾಣುತ್ತಾಳೆ. ಭಾರತ ಕಥೆಯ ದ್ಯೂತಸಭೆಯಲ್ಲಿ ದ್ರೌಪದಿ ಪಣದ ನ್ಯಾಯವನ್ನೇ ಪ್ರಶ್ನಿಸಿದರೆ, ದಿಲಾರಾಮ ಆಟದ ನಿಯಮದೊಳಗೇ ಬಿಡುಗಡೆಯ ದಾರಿ ಹುಡುಕುತ್ತಾಳೆ. ಎರಡು ರಥಗಳ ಮಾತು ನೆನಪಿನಲ್ಲಿದ್ದರೆ ಪರಿಹಾರದ ಬೀಗದ ಕೈ ಸಿಕ್ಕಂತೆಯೇ. ಹೀಗೆ ಕಥೆಯು ಸಮಸ್ಯೆಗೆ ಅಲಂಕಾರ ಮಾತ್ರವಾಗಿರದೆ ಅದನ್ನು ನೆನಪಿನಲ್ಲಿಡುವ ಸಾಧನವೂ ಆಗಿದೆ.

ಮನ್ಸೂಬಾದ ಈ ನಡೆಗಳೆಲ್ಲ ಷಾ ಕೊಡುವ ನಡೆಗಳು. ಆಧುನಿಕ ರಚನಕಾರರು ಮೌನವಾದ ನಡೆಯಲ್ಲಿ ಬೆರಗನ್ನು ಅಡಗಿಸಿದರು. ಭಾರತದಲ್ಲಿದ್ದ ಪಾದ್ರಿ ಹೆನ್ರಿ ಅಗಸ್ಟಸ್ ಲವ್‌ಡೇ 1845ರಲ್ಲಿ 'ಶಾಗಿರ್ದ್' ಎಂಬ ಹೆಸರಿನಿಂದ ಇಂಗ್ಲೆಂಡಿನ ಪತ್ರಿಕೆಯಲ್ಲಿ ಪ್ರಕಟಿಸಿದ ಸಮಸ್ಯೆಯಲ್ಲಿ ಒಂಟೆ ದೂರಕ್ಕೆ ಹಿಂದೆ ಸರಿಯುತ್ತದೆ, ರಥ ಅದರ ದಾರಿಗೆ ತಾನೇ ಅಡ್ಡ ನಿಂತು ಎದುರಾಳಿಯ ರಾಜನಿಗೆ ನಡೆಯಲು ಅವಕಾಶ ಕೊಡುತ್ತದೆ. ಬಳಿಕ ಅದು ಸರಿದಾಗ ಮಾತು. ಈ ವಿನ್ಯಾಸ ಇಂದಿಗೂ 'ಇಂಡಿಯನ್' ಎಂದೇ ಹೆಸರಾಗಿದೆ. ಅದೇ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯು ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮುಟ್ಟುವ ತುರಗಗತಿಯ ವಿನ್ಯಾಸಗಳನ್ನು ರಚಿಸಿದರು.

ಲವ್‌ಡೇ ಹಾಗೂ ಒಡೆಯರ ರಚನೆಗಳಿಗೆ ಕರ್ತೃವಿನ ಹೆಸರಿನ ಆಸರೆಯಿದೆ. ದಿಲಾರಾಮಳ ಮನ್ಸೂಬಾ ಬಾಳಿ ಬಂದದ್ದು ಕಥೆಯ ಆಸರೆಯಿಂದ. ಆದ್ದರಿಂದ ಮಣೆಯಾಟಗಳನ್ನು ಸಂಗ್ರಹಿಸುವವರು ನಿಯಮಗಳನ್ನಷ್ಟೇ ಬರೆದುಕೊಂಡರೆ ಸಾಲದು. ಜೋಡಿಸಿಟ್ಟ ಸ್ಥಿತಿ, ಬಿಡಿಸುವ ಕ್ರಮ, ಜೊತೆಗೆ ಹೇಳುವ ಮಾತು ಈ ಮೂರನ್ನೂ ಒಟ್ಟಿಗೆ ದಾಖಲಿಸಬೇಕು. ಅವುಗಳಲ್ಲಿ ಒಂದು ಕಳೆದರೂ ಉಳಿದೆರಡು ಅಪೂರ್ಣವಾಗುತ್ತವೆ.